ಆಮೆಗಳ ದ್ವೀಪಕ್ಕೆ ಹೊರಡುವ ಮುನ್ನ

ನಮ್ಮ ಮನೆಗಳಲ್ಲಿ ದೂರದ ಪ್ರಯಾಣವೆಂದರೆ ಮೊದಲು ನಡೆಯುವುದು ಗಂಟು ಕಟ್ಟುವ ಸಂಭ್ರಮ. ಕಾಶಿಗೆ ಹೋಗಲಿ, ರಾಮೇಶ್ವರಕ್ಕೆ ಹೋಗಲಿ, ಮಗಳ ಮನೆಗೆ ಹೋಗಲಿ, ಹೊರಡುವುದಕ್ಕೆ ಒಂದು ವಾರದ ಮುಂಚಿನಿಂದಲೇ ಚಟ್ನಿಪುಡಿ ಕುಟ್ಟುವುದು, ಅವಲಕ್ಕಿ ಹುರಿಯುವುದು, ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಬಿಗಿಯುವುದು ನಡೆದೇ ತೀರುವುವು. ಗಂಟು ದೊಡ್ಡದಾದಷ್ಟೂ ಕಳುಹಿಸುವವರ ವಾತ್ಸಲ್ಯವೂ ದೊಡ್ಡದೆಂಬ ಭಾವನೆ ನಮ್ಮದು. ಆದರೆ ಲೋಕದಲ್ಲಿ ಒಂದು ಸ್ಥಳವುಂಟು. ಅಲ್ಲಿಗೆ ಹೋಗುವವರು ಏನನ್ನು ಕಟ್ಟಿಕೊಂಡು ಬಂದರೆಂಬುದಕ್ಕಿಂತ ಏನನ್ನು ಮನೆಯಲ್ಲಿಯೇ ಬಿಟ್ಟು ಬಂದರೆಂಬುದೇ ಮುಖ್ಯವಾದುದು. ಆ ಸ್ಥಳವೇ ಗಲಾಪಗೋಸ್ ದ್ವೀಪಸಮೂಹ.

ನಾವು ನಮ್ಮ ವೃದ್ಧ ತಾಯಿಯವರನ್ನೂ ಹತ್ತು ವರ್ಷದ ಮಗಳನ್ನೂ ಕರೆದುಕೊಂಡು ಆ ದ್ವೀಪಗಳನ್ನು ನೋಡಿಕೊಂಡು ಬಂದ ಬಳಿಕ, ಹೊರಡುವವರು ಏನೇನು ಸಿದ್ಧತೆ ಮಾಡಿಕೊಳ್ಳಬೇಕೆಂದು ಪರಿಚಿತರು ಅನೇಕರು ವಿಚಾರಿಸುತ್ತಿರುವರು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ, ನಾವು ತಿಳಿದದ್ದನ್ನೂ ನಾವು ತಪ್ಪಿದ್ದನ್ನೂ ಇಲ್ಲಿ ಬರೆದಿಡುವುದು ಲೇಸೆಂದು ಈ ಲೇಖನವನ್ನು ಮಾಡಿದ್ದೇವೆ. ಈ ಪ್ರಯಾಣವು ಅಲ್ಪ ವೆಚ್ಚದ್ದಲ್ಲ. ಜೀವಮಾನದಲ್ಲಿ ಒಮ್ಮೆ ಕೈಗೂಡಿದರೆ ಹೆಚ್ಚು. ಆದುದರಿಂದಲೇ ಸಿದ್ಧತೆಯಲ್ಲಿ ಲೋಪವಾಗಬಾರದು.

ದ್ವೀಪಗಳ ಪರಿಚಯ

ದಕ್ಷಿಣ ಅಮೆರಿಕ ಖಂಡದ ಪಶ್ಚಿಮ ತೀರದಲ್ಲಿ ಈಕ್ವಡಾರ್ ಎಂಬ ಸಣ್ಣ ದೇಶವಿರುವುದು. ಅದರ ಕರಾವಳಿಯಿಂದ ಸುಮಾರು ೬೦೦ ಮೈಲಿ ದೂರ ಶಾಂತ ಮಹಾಸಾಗರದಲ್ಲಿ, ಸರಿಯಾಗಿ ಭೂಮಧ್ಯರೇಖೆಯ ಮೇಲೆ, ಈ ದ್ವೀಪಗಳು ಹರಡಿಕೊಂಡಿವೆ. ಇವೆಲ್ಲವೂ ಸಮುದ್ರದ ತಳದಿಂದ ಎದ್ದ ಜ್ವಾಲಾಮುಖಿಗಳು. ಎಂದೂ ಖಂಡಕ್ಕೆ ಸೇರಿದ್ದುವಲ್ಲ. ಆದಕಾರಣ ಅಲ್ಲಿನ ಜೀವಿಗಳೆಲ್ಲ ಪುರಾತನ ಕಾಲದಲ್ಲಿ ಗಾಳಿಯಲ್ಲಿ ಹಾರಿಯೋ ನೀರಿನಲ್ಲಿ ತೇಲಿಯೋ ಬಂದು ಸೇರಿದವುಗಳ ಸಂತತಿ. ನೆಲದ ಮೇಲೆ ಬೇಟೆಯಾಡುವ ದೊಡ್ಡ ಮೃಗವೊಂದೂ ಅಲ್ಲಿರಲಿಲ್ಲವಾದ್ದರಿಂದ ಅವು ಭಯವೆಂಬುದನ್ನೇ ಕಲಿಯಲಿಲ್ಲ. ಕಡಲ ಸಿಂಹವು ನಾವು ಕುಳಿತುಕೊಳ್ಳುವ ಕಲ್ಲುಬೆಂಚಿನ ಮೇಲೆಯೇ ಮಲಗಿ ನಿದ್ರಿಸುವುದು. ನೀಲಿ ಪಾದದ ಬೂಬಿ ಹಕ್ಕಿಯು ಕಾಲುದಾರಿಯ ಅಂಚಿನಲ್ಲಿಯೇ ಮೊಟ್ಟೆಗಳಿಗೆ ಕಾವು ಕೊಡುತ್ತ ನಮ್ಮನ್ನು ನೋಡುತ್ತಿರುವುದು. ಉಡದ ಆಕಾರದ ಇಗ್ವಾನಾಗಳು ಸಮುದ್ರದಲ್ಲಿ ಮುಳುಗಿ ಪಾಚಿಯನ್ನು ಮೇದು ಬಂದು, ಕರಿಬಂಡೆಗಳ ಮೇಲೆ ಗುಂಪುಗುಂಪಾಗಿ ಬಿಸಿಲು ಕಾಯುವುವು.

೧೫೩೫ರಲ್ಲಿ ಪನಾಮಾದ ಬಿಷಪ್ಪನಾಗಿದ್ದ ತೋಮಾಸ್ ದೆ ಬೆರ್ಲಾಂಗಾ ಎಂಬಾತನ ಹಡಗು ಗಾಳಿಯಿಲ್ಲದೆ ಪ್ರವಾಹಕ್ಕೆ ಸಿಕ್ಕಿ ಅಲ್ಲಿಗೆ ಸೇರಿತು. ಅಲ್ಲಿಂದ ಮುಂದೆ ಈ ದ್ವೀಪಗಳು ಹೊರಜಗತ್ತಿಗೆ ತಿಳಿದುವು. ೧೮೩೨ರಲ್ಲಿ ಈಕ್ವಡಾರ್ ಇವನ್ನು ತನ್ನದಾಗಿ ಮಾಡಿಕೊಂಡಿತು. ೧೮೩೫ರಲ್ಲಿ ‘ಬೀಗಲ್’ ಹಡಗಿನಲ್ಲಿ ಬಂದ ಚಾರ್ಲ್ಸ್ ಡಾರ್ವಿನ್ನನು ಐದು ವಾರಗಳ ಕಾಲ ಇಲ್ಲಿದ್ದು ನೋಡಿದ್ದು, ಜೀವಿಗಳ ಉತ್ಪತ್ತಿಯ ವಿಷಯವಾಗಿ ಆತನು ೧೮೫೯ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಒದಗಿಬಂದ ಆಧಾರಗಳಲ್ಲೊಂದು. ಆ ಗ್ರಂಥಕ್ಕೆ ನೂರು ವರ್ಷ ತುಂಬಿದ ೧೯೫೯ರಲ್ಲಿ ದ್ವೀಪಗಳು ರಾಷ್ಟ್ರೀಯ ಉದ್ಯಾನವಾದುವು. ನೆಲದಲ್ಲಿ ನೂರಕ್ಕೆ ಸುಮಾರು ೯೭ ಭಾಗ ಉದ್ಯಾನಕ್ಕೆ ಸೇರಿದೆ. ಉಳಿದ ಸ್ವಲ್ಪ ನೆಲದಲ್ಲಿ ಸುಮಾರು ೩೦ ಸಾವಿರ ಜನರು ವಾಸವಾಗಿರುವರು.

ಒಂದು ಬೀಜದ ಹಾನಿ

ಸಿದ್ಧತೆಯ ವಿಷಯಕ್ಕೆ ಬರುವ ಮುನ್ನ ಒಂದು ಸಂಗತಿಯನ್ನು ವಾಚಕರು ಮನಸ್ಸಿಟ್ಟು ಓದಬೇಕೆಂದು ಕೋರುತ್ತೇವೆ. ಅದನ್ನು ತಿಳಿಯದಿದ್ದರೆ ಮುಂದೆ ಹೇಳುವ ನಿಯಮಗಳೆಲ್ಲ ಬರಿಯ ಕಿರುಕುಳವಾಗಿ ತೋರುವುವು.

ಈ ದ್ವೀಪಗಳಿಗೆ ಹೆಸರು ಬಂದದ್ದೇ ಆಮೆಗಳಿಂದ. ನಾಲ್ಕಾಳಿನ ತೂಕದ ಭಾರಿ ಆಮೆಗಳು ಅವು. ನೂರು ವರ್ಷಕ್ಕೆ ಮೇಲ್ಪಟ್ಟು ಬದುಕುವುವು. ಅನ್ನನೀರಿಲ್ಲದೆ ತಿಂಗಳುಗಟ್ಟಲೆ ಜೀವದಿಂದಿರಬಲ್ಲವಾದ್ದರಿಂದ ತಿಮಿಂಗಿಲದ ಬೇಟೆಗಾರರೂ ಕಡಲ್ಗಳ್ಳರೂ ಅವುಗಳನ್ನು ಜೀವಂತವಾಗಿಯೇ ಹಡಗಿನ ತಳದಲ್ಲಿ ಒಟ್ಟಿ, ಬೇಕಾದಾಗ ಕೊಂದು ತಿನ್ನುತ್ತಿದ್ದರು. ಹೀಗೆ ನಾಶವಾದ ಆಮೆಗಳು ಒಂದು ಲಕ್ಷಕ್ಕೂ ಮೇಲೆಂದು ಬಲ್ಲವರು ಅಂದಾಜು ಮಾಡಿರುವರು. ಅದು ಕ್ರೂರವಾದ ಕಾರ್ಯ. ಆದರೆ ಅಷ್ಟೇ ಹಾನಿಯು ಯಾವ ಕ್ರೌರ್ಯವೂ ಇಲ್ಲದ ಕೈಗಳಿಂದಲೂ ಆಯಿತು. ೧೯೫೯ರಲ್ಲಿ ಪಿಂಟಾ ಎಂಬ ದ್ವೀಪದಲ್ಲಿ, ಮುಂದೆ ಆಹಾರಕ್ಕೆ ಆದೀತೆಂದು, ಮೀನುಗಾರರು ಮೂರು ಆಡುಗಳನ್ನು ಬಿಟ್ಟರು. ಒಂದು ಹೋತ, ಎರಡು ಹೆಣ್ಣು. ಹದಿನೈದು ವರ್ಷ ಕಳೆಯುವುದರೊಳಗೆ ಅವು ಹತ್ತಾರು ಸಾವಿರವಾಗಿ ದ್ವೀಪದ ಹಸುರನ್ನೆಲ್ಲ ತಿಂದುಹಾಕಿದುವು. ೧೯೭೧ರಲ್ಲಿ ಆ ದ್ವೀಪದಲ್ಲಿ ಕಂಡುಬಂದ ಆಮೆ ಒಂದೇ ಒಂದು. ‘ಒಂಟಿ ಜಾರ್ಜ್’ ಎಂದು ಹೆಸರಾದ ಆ ಗಂಡು ಆಮೆಗೆ ನಲವತ್ತು ವರ್ಷ ಹುಡುಕಿದರೂ ತನ್ನ ಜಾತಿಯ ಜೊತೆ ದೊರೆಯಲಿಲ್ಲ. ೨೦೧೨ರ ಜೂನ್ ತಿಂಗಳಿನಲ್ಲಿ ಅದು ಸತ್ತಿತು; ಅದರೊಡನೆ ಆ ವಂಶವೂ ಮುಗಿಯಿತು.

ಆಡಾದರೂ ಕಣ್ಣಿಗೆ ಕಾಣುವ ಪ್ರಾಣಿ. ಫಿಲಾರ್ನಿಸ್ ಎಂಬ ನೊಣವೊಂದು ಯಾರಿಗೂ ತಿಳಿಯದಂತೆ ಬಂದು ಸೇರಿ, ಫಿಂಚ್ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಡುವುದು. ಅದರ ಹುಳುಗಳು ಮರಿಗಳ ರಕ್ತವನ್ನು ಹೀರಿ ಕೊಲ್ಲುವುವು. ನಾವು ಇಷ್ಟಪಟ್ಟು ತಿನ್ನುವ ಸೀಬೆಯ ಗಿಡವು ಅಲ್ಲಿ ಕಾಡನ್ನೇ ನುಂಗುವ ಕಳೆ. ಇದನ್ನು ನಂಬುವುದು ಕಷ್ಟವೆನ್ನುವವರು ನಮ್ಮ ಬಂಡೀಪುರದ ಕಡೆಗೆ ಒಮ್ಮೆ ಹೋಗಿ ನೋಡಲಿ. ಹೂವು ಅಂದವಾಗಿದೆಯೆಂದು ಪರದೇಶದಿಂದ ತೋಟಗಳಿಗೆ ತಂದ ಲಂಟಾನದ ಗಿಡವು ಅಲ್ಲಿ ಮೈಲಿಗಟ್ಟಲೆ ಹಬ್ಬಿ, ಜಿಂಕೆಗಳಿಗೆ ಮೇವಿಲ್ಲದಂತೆ ಮಾಡಿದೆ. ಅದೇ ಲಂಟಾನವು ಗಲಾಪಗೋಸಿನ ಫ್ಲೋರಿಯಾನಾ ದ್ವೀಪದಲ್ಲಿಯೂ ಹಬ್ಬಿದೆಯೆಂದು ಕೇಳಿದಾಗ, ಇಷ್ಟು ದೂರದ ದ್ವೀಪವು ನಮಗೆ ನೆರೆಮನೆಯಂತೆ ತೋರಿತು.

ರಹದಾರಿ ಮತ್ತು ಚುಚ್ಚುಮದ್ದು

ಈಗ ಸಿದ್ಧತೆಯ ವಿಷಯ. ಭಾರತದಿಂದ ಈಕ್ವಡಾರಿಗೆ ನೇರವಾದ ವಿಮಾನವಿಲ್ಲ. ಯೂರೋಪಿನ ಅಥವಾ ಅಮೆರಿಕದ ಯಾವುದಾದರೊಂದು ಪಟ್ಟಣದಲ್ಲಿ ವಿಮಾನ ಬದಲಾಯಿಸಬೇಕು. ರಹದಾರಿ ಪತ್ರ, ಎಂದರೆ ಪಾಸ್‌ಪೋರ್ಟು, ಇನ್ನೂ ಆರು ತಿಂಗಳಿಗೆ ಕಡಿಮೆಯಿಲ್ಲದೆ ನಡೆಯುವಂತಿರಲಿ. ೨೦೧೯ರಿಂದ ಭಾರತೀಯರಿಗೆ ಈಕ್ವಡಾರಿನ ವೀಸಾ ಅವಶ್ಯವಾಗಿದೆ. ಆ ದೇಶದ ರಾಯಭಾರ ಕಚೇರಿಯು ದೆಹಲಿಯಲ್ಲಿರುವುದು. ದಾರಿಯಲ್ಲಿ ವಿಮಾನ ಬದಲಾಯಿಸುವ ದೇಶದ ಅನುಮತಿಯೂ ಬೇಕಾಗಬಹುದು. ಅಮೆರಿಕದ ಮೂಲಕ ಹೋಗುವವರಿಗಂತೂ ನಿಲ್ದಾಣವನ್ನು ಬಿಟ್ಟು ಹೊರಗೆ ಹೋಗದಿದ್ದರೂ ಆ ದೇಶದ ವೀಸಾ ಬೇಕೇ ಬೇಕು. ಇಂತಹ ನಿಯಮಗಳು ಆಗಾಗ್ಗೆ ಬದಲಾಗುವುದುಂಟಾದ್ದರಿಂದ, ಟಿಕೇಟಿಗೆ ಹಣ ಕಟ್ಟುವ ಮುಂಚೆ ವಿಚಾರಿಸಿಕೊಳ್ಳುವುದು ಜಾಣತನ.

ಬಹುಮಂದಿ ಮರೆಯುವುದು ಹಳದಿ ಜ್ವರದ ಚುಚ್ಚುಮದ್ದನ್ನು. ಗಲಾಪಗೋಸಿನಲ್ಲಿ ಈ ಜ್ವರವಿಲ್ಲ; ಆದರೆ ಈಕ್ವಡಾರಿನ ಒಳನಾಡಿನ ಕಾಡುಗಳಲ್ಲಿ ಉಂಟು. ಆ ಕಾರಣದಿಂದ, ಅಲ್ಲಿಂದ ಹೊರಟ ಆರು ದಿನದೊಳಗೆ ಭಾರತಕ್ಕೆ ಬಂದಿಳಿಯುವವರು, ನಮ್ಮ ದೇಶದವರೇ ಆಗಿರಲಿ, ಚುಚ್ಚುಮದ್ದಿನ ಪ್ರಮಾಣಪತ್ರವನ್ನು ತೋರಿಸತಕ್ಕದ್ದು. ತೋರಿಸಲಾರದವರನ್ನು ಮನೆಗೆ ಬಿಡದೆ ಪ್ರತ್ಯೇಕವಾಗಿ ಇರಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕುಂಟು. ಸರ್ಕಾರವು ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರವೇ ಈ ಮದ್ದನ್ನು ಹಾಕಿಸಬೇಕು. ಹಾಕಿಸಿದ ಹತ್ತು ದಿನಗಳ ಮೇಲೆ ಪ್ರಮಾಣಪತ್ರಕ್ಕೆ ಬೆಲೆ ಬರುವುದು. ಅಲ್ಲಿಂದ ಮುಂದೆ ಜೀವಮಾನವಿಡೀ ನಡೆಯುವುದು. ಅರವತ್ತು ದಾಟಿದವರು, ಗರ್ಭಿಣಿಯರು, ಮೊದಲೇ ವ್ಯಾಧಿಗ್ರಸ್ತರಾದವರು ವೈದ್ಯರ ಅಭಿಪ್ರಾಯವನ್ನು ಕೇಳದೆ ಈ ಮದ್ದನ್ನು ಹಾಕಿಸಿಕೊಳ್ಳಬಾರದು. ನಮ್ಮ ತಾಯಿಯವರನ್ನು ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆಯೇ ನಾವು ಟಿಕೇಟನ್ನು ಕೊಂಡುದು.

ಕಾಲ, ವಸತಿ, ಹಣ

ಈ ದ್ವೀಪಗಳಲ್ಲಿ ಎರಡೇ ಕಾಲಗಳು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಸೆಕೆಯೂ ನಡುನಡುವೆ ಮಳೆಯೂ ಇರುವುವು. ಸಮುದ್ರ ಶಾಂತವಾಗಿ ನೀರು ಬೆಚ್ಚಗಿರುವುದು. ಜೂನಿನಿಂದ ನವೆಂಬರಿನವರೆಗೆ ದಕ್ಷಿಣದಿಂದ ತಣ್ಣನೆಯ ಪ್ರವಾಹವು ಬಂದು, ಆಕಾಶಕ್ಕೆ ಮಂಜು ಕವಿಯುವುದು, ಅಲೆಗಳು ಎತ್ತರವಾಗುವುವು. ಆ ತಣ್ಣೀರಿನಲ್ಲಿ ಮೀನು ಹೇರಳವಾಗಿ, ಕಡಲ ಹಕ್ಕಿಗಳಿಗೆ ಸುಗ್ಗಿಯಾಗುವುದು. ಭೂಮಧ್ಯರೇಖೆಯ ಮೇಲೆ ಪೆಂಗ್ವಿನ್ ಹಕ್ಕಿಯು ವಾಸಿಸುವುದು ಈ ತಣ್ಣನೆಯ ಪ್ರವಾಹಗಳ ದೆಸೆಯಿಂದಲೇ. ಎಸ್ಪನ್ಯೋಲಾ ದ್ವೀಪದ ಆಲ್ಬಟ್ರಾಸ್ ಹಕ್ಕಿಗಳನ್ನು ನೋಡಬೇಕೆನ್ನುವವರು ಏಪ್ರಿಲಿನಿಂದ ಡಿಸೆಂಬರಿನೊಳಗೆ ಹೋಗಬೇಕು. ವೃದ್ಧರೂ ಮಕ್ಕಳೂ ಜೊತೆಗಿದ್ದರೆ ಮೊದಲನೆಯ ಕಾಲವೇ ಅನುಕೂಲವೆಂದು ನಮ್ಮ ಮತ.

ವಿಮಾನಗಳು ಈಕ್ವಡಾರಿನ ಕೀಟೋ ಮತ್ತು ಗ್ವಾಯಾಕಿಲ್ ಎಂಬ ಎರಡು ನಗರಗಳಿಂದ ಹೊರಡುವುವು. ಕೀಟೋ ನಗರವು ಸಮುದ್ರಮಟ್ಟದಿಂದ ೯೩೫೦ ಅಡಿ ಎತ್ತರದಲ್ಲಿದೆ; ಉದಕಮಂಡಲಕ್ಕಿಂತಲೂ ಸುಮಾರು ೨೦೦೦ ಅಡಿ ಹೆಚ್ಚು. ಇಳಿದ ದಿನ ತಲೆನೋವು, ಏದುಸಿರು ಬರುವುದು ಸಾಮಾನ್ಯ. ಹೃದಯದ ತೊಂದರೆಯುಳ್ಳವರು ಸಮುದ್ರಮಟ್ಟದಲ್ಲಿರುವ ಗ್ವಾಯಾಕಿಲ್‌ನಿಂದ ಹೋಗುವುದೇ ಕ್ಷೇಮ. ಅಲ್ಲಿಂದ ಸುಮಾರು ಎರಡು ಗಂಟೆಯ ಹಾರಾಟ.

ದ್ವೀಪಗಳಲ್ಲಿ ತಂಗುವುದಕ್ಕೆ ಎರಡು ವಿಧಾನಗಳುಂಟು. ಹಡಗಿನಲ್ಲಿಯೇ ಮಲಗಿ, ರಾತ್ರಿ ಪ್ರಯಾಣ ಮಾಡಿ, ಹಗಲು ಒಂದೊಂದು ದ್ವೀಪದಲ್ಲಿ ಇಳಿಯುವುದು ಒಂದು. ಸಾಂತಾ ಕ್ರೂಸ್ ದ್ವೀಪದ ಪ್ವೆರ್ಟೋ ಆಯೋರಾ ಎಂಬ ಪೇಟೆಯಲ್ಲಿ ಬಿಡಾರ ಮಾಡಿ ದಿನದಿನವೂ ಹೋಗಿ ಬರುವುದು ಇನ್ನೊಂದು. ಮೊದಲನೆಯದರಿಂದ ದೂರದ ದ್ವೀಪಗಳನ್ನು ನೋಡಬಹುದು. ಎರಡನೆಯದರಲ್ಲಿ ವೆಚ್ಚ ಕಡಿಮೆ, ರಾತ್ರಿ ಅಲುಗದ ನೆಲದ ಮೇಲೆ ನಿದ್ರೆ. ನಾವು ತಾಯಿಯವರ ಸಲುವಾಗಿ ಎರಡನೆಯದನ್ನೇ ಆರಿಸಿಕೊಂಡೆವು. ಆದರೂ ದ್ವೀಪದಿಂದ ದ್ವೀಪಕ್ಕೆ ಹೋಗುವ ಯಂತ್ರದೋಣಿಗಳ ಎರಡು ಗಂಟೆಯ ಕುಲುಕಾಟವನ್ನು ಯಾರೂ ತಪ್ಪಿಸಿಕೊಳ್ಳಲಾರರು. ವಾಂತಿಯಾಗದಂತೆ ವೈದ್ಯರು ಕೊಟ್ಟ ಮಾತ್ರೆಯನ್ನು ದೋಣಿ ಹೊರಡುವ ಮುಂಚೆಯೇ ನುಂಗಬೇಕು. ಸಂಕಟ ಪ್ರಾರಂಭವಾದ ಮೇಲೆ ನುಂಗಿ ಫಲವಿಲ್ಲ.

ಈಕ್ವಡಾರಿನಲ್ಲಿ ೨೦೦೦ದಿಂದ ಅಮೆರಿಕದ ಡಾಲರೇ ನಾಣ್ಯವಾಗಿದೆ. ಉದ್ಯಾನದ ಪ್ರವೇಶಶುಲ್ಕವನ್ನು ೨೦೨೪ರ ಆಗಸ್ಟಿನಲ್ಲಿ ಏರಿಸಿ, ನಮ್ಮಂತಹ ಪರದೇಶದವರಲ್ಲಿ ಬಹುಮಂದಿಗೆ ತಲೆಗೆ ೨೦೦ ಡಾಲರು, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ೧೦೦ ಡಾಲರು ಎಂದು ಗೊತ್ತುಮಾಡಿದರು. ಇದಲ್ಲದೆ ಬರುವವರ ಲೆಕ್ಕವಿಡುವ ಚೀಟಿಯೊಂದಕ್ಕೆ ಬೇರೆ ಶುಲ್ಕವುಂಟು. ಅದನ್ನು ವಿಮಾನ ಹತ್ತುವ ಮುಂಚೆಯೇ ಪಡೆಯಬೇಕು. ಇವನ್ನು ಕೊಡಲು ಸಣ್ಣ ಮೊತ್ತದ ನೋಟುಗಳು ಕೈಯಲ್ಲಿರಲಿ. ಸಣ್ಣ ದ್ವೀಪಗಳಲ್ಲಿ ಬ್ಯಾಂಕಿನ ಯಂತ್ರಗಳನ್ನು ನೆಚ್ಚಿಕೊಳ್ಳಬಾರದು.

ಪೆಟ್ಟಿಗೆಯಲ್ಲಿ ಏನಿರಬೇಕು

ದೊಡ್ಡ ಪೆಟ್ಟಿಗೆ ಬೇಡ. ಹಗುರವಾದ ತುಂಬುತೋಳಿನ ಹತ್ತಿಬಟ್ಟೆಗಳು, ಗಾಳಿಗೆ ಹಾರದಂತೆ ಗದ್ದದ ಕೆಳಗೆ ಕಟ್ಟಿಕೊಳ್ಳುವ ಟೋಪಿ, ಬಿಸಿಲಿಗೆ ಹಚ್ಚುವ ಲೇಪ, ಒಂದು ಉಣ್ಣೆಯ ಅಂಗಿ, ನೀರು ಒಳಗಿಳಿಯದ ಒಂದು ಮೇಲಂಗಿ, ಇಷ್ಟು ಸಾಕು. ಅಲ್ಲಿನ ಬಿಸಿಲು ಮೋಡದ ಮರೆಯಿಂದಲೂ ಚರ್ಮವನ್ನು ಸುಡುವುದು. ಎರಡು ಜೊತೆ ಪಾದರಕ್ಷೆಗಳು ಬೇಕು. ದೋಣಿಯಿಂದ ಮೊಣಕಾಲು ನೀರಿಗೆ ಇಳಿಯುವಾಗ ನೆನೆಯಬಹುದಾದ ಒಂದು ಜೊತೆ, ಕತ್ತಿಯಂತೆ ಹರಿತವಾದ ಲಾವಾ ಬಂಡೆಗಳ ಮೇಲೆ ನಡೆಯಲು ದಪ್ಪ ಅಟ್ಟೆಯ ಒಂದು ಜೊತೆ. ದುರ್ಬೀನು ಮನೆಗೊಂದಾದರೂ ಇರಲಿ. ನಿತ್ಯ ಸೇವಿಸುವ ಔಷಧಿಗಳನ್ನು ಪ್ರಯಾಣದ ದಿನಗಳಿಗಿಂತ ಒಂದು ವಾರದಷ್ಟು ಹೆಚ್ಚಾಗಿ, ವೈದ್ಯರ ಚೀಟಿಯ ಸಹಿತ, ಕೈಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಅಲ್ಲಿ ಸಣ್ಣ ಆಸ್ಪತ್ರೆಗಳಿವೆಯೇ ಹೊರತು, ಭಾರಿ ಕಾಯಿಲೆಯಾದರೆ ವಿಮಾನದಲ್ಲಿ ಖಂಡಕ್ಕೇ ಸಾಗಿಸಬೇಕು. ಆ ವೆಚ್ಚವನ್ನು ಭರಿಸುವ ವಿಮೆ ಮಾಡಿಸದೆ ಹೊರಡಬಾರದು. ಕೊಳಾಯಿಯ ನೀರು ಕುಡಿಯಲು ತಕ್ಕದ್ದಲ್ಲ. ವಿದ್ಯುತ್ತು ನಮ್ಮಲ್ಲಿರುವುದರ ಅರ್ಧ ಒತ್ತಡದ್ದು, ಚಪ್ಪಟೆ ಕಡ್ಡಿಗಳ ಬೇರೆ ಪ್ಲಗ್ಗು ಬೇಕು. ಸಸ್ಯಾಹಾರಿಗಳು ವಸತಿ ಗೊತ್ತುಮಾಡುವಾಗಲೇ ಮಾಂಸ, ಮೀನು ಎರಡೂ ಬೇಡವೆಂದು ಸ್ಪಷ್ಟವಾಗಿ ತಿಳಿಸಿದರೆ ಅನ್ನ, ಹುರುಳಿಕಾಯಿಯ ಜಾತಿಯ ಕಾಳುಗಳು, ಆಲೂಗಡ್ಡೆ, ಬಾಳೆಕಾಯಿ ದೊರೆಯುವುವು, ಉಪವಾಸ ಬೀಳಬೇಕಾಗಿಲ್ಲ.

ಏನಿರಬಾರದು

ಹಣ್ಣು, ತರಕಾರಿ, ಬೀಜ, ಗಿಡ, ಹೂವು, ಮಣ್ಣು, ಇವು ಯಾವುವನ್ನೂ ದ್ವೀಪಗಳಿಗೆ ಒಯ್ಯಕೂಡದು. ಖಂಡದ ವಿಮಾನನಿಲ್ದಾಣದಲ್ಲಿಯೇ ಪ್ರತಿಯೊಬ್ಬರ ಸಾಮಾನನ್ನೂ ಪರೀಕ್ಷಿಸುವರು; ಏನೇನು ತಂದಿರುವೆವೆಂದು ಬರೆದುಕೊಡಬೇಕು. ನಮ್ಮ ಗೃಹಿಣಿಯರಿಗೆ ಸುಲಭವಾದ ಒಂದು ಪರೀಕ್ಷೆಯನ್ನು ಹೇಳುತ್ತೇವೆ. ಪೆಟ್ಟಿಗೆಗೆ ಹಾಕುವ ಪ್ರತಿಯೊಂದು ಪದಾರ್ಥವನ್ನೂ ಕೈಯಲ್ಲಿ ಹಿಡಿದು ಮೂರು ಪ್ರಶ್ನೆ ಕೇಳಿಕೊಳ್ಳಿರಿ: ಮಣ್ಣಿಗೆ ಬಿದ್ದರೆ ಇದು ಮೊಳೆಯುವುದೇ? ಇದರೊಳಗೆ ಹುಳುವಿರಬಹುದೇ? ಇದಕ್ಕೆ ಮಣ್ಣು ಅಂಟಿದೆಯೇ? ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಅದನ್ನು ಮನೆಯಲ್ಲಿಯೇ ಬಿಡಿರಿ. ಒಗ್ಗರಣೆಯ ಸಾಸುವೆ, ಮೆಂತ್ಯ, ಕೊತ್ತಂಬರಿ ಬೀಜ, ಹಸಿ ಶುಂಠಿ, ನಿಂಬೆಹಣ್ಣು, ಕರಿಬೇವು, ತೆಂಗಿನಕಾಯಿ ಎಲ್ಲವೂ ಈ ಪರೀಕ್ಷೆಯಲ್ಲಿ ಸೋಲುವುವು. ಬೂಟಿನ ಅಟ್ಟೆಯ ಸಂದುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದು ಒಣಗಿಸಬೇಕು. ಪಂಚೆಯ ಅಂಚು, ಸೀರೆಯ ಸೆರಗು, ಕಾಲುಚೀಲ, ಷರಾಯಿಯ ಮಡಿಕೆ, ಇವುಗಳಲ್ಲಿ ಸಿಕ್ಕಿಕೊಂಡಿರುವ ಹುಲ್ಲಿನ ಮುಳ್ಳುಬೀಜಗಳನ್ನು ಒಂದೊಂದಾಗಿ ಕೀಳಬೇಕು. ಹುರಿದು ಪುಡಿಮಾಡಿ ಭದ್ರವಾಗಿ ಮುಚ್ಚಿದ ಪದಾರ್ಥಗಳನ್ನು ಬಿಡುವುದುಂಟು. ಆದರೂ ತೋರಿಸಿಯೇ ಒಯ್ಯತಕ್ಕದ್ದು. ಅಲ್ಲಿ ಪರೀಕ್ಷಕರ ಮಾತೇ ಕೊನೆಯದು.

ಇಷ್ಟೆಲ್ಲ ತಿಳಿದಿದ್ದ ನಾವೇ ತಪ್ಪಿದೆವು. ನಮ್ಮ ಪೆಟ್ಟಿಗೆಗಳನ್ನು ಮೂರು ಸಲ ಜಾಲಾಡಿದ್ದೆವು. ತಾಯಿಯವರ ಸೊಂಟದ ಸಂಚಿಯನ್ನು ಮಾತ್ರ, ಅದು ಅವರದೆಂಬ ಸಂಕೋಚದಿಂದ, ಮುಟ್ಟಿರಲಿಲ್ಲ. ಪರೀಕ್ಷೆಯ ಮೇಜಿನ ಮೇಲೆ ಅದನ್ನು ಬಿಚ್ಚಿದಾಗ ಎರಡು ಅರಿಸಿನದ ಕೊಂಬುಗಳೂ, ನಮ್ಮ ಮನೆಯ ಬೃಂದಾವನದಿಂದ ಕಿತ್ತು ಒಣಗಿಸಿದ ತುಳಸಿಯ ಕದಿರುಗಳೂ ಹೊರಬಂದುವು. ಕದಿರೊಂದರಲ್ಲಿ ನೂರಾರು ಬೀಜ. ಪರೀಕ್ಷಕಿಯು ಗದರಲಿಲ್ಲ, ಕೈಯಿಂದ ಪಕ್ಕದ ಡಬ್ಬಿಯನ್ನು ತೋರಿಸಿ ಸುಮ್ಮನೆ ನಿಂತಳು.

ತಾಯಿಯವರ ಮುಖ ಕಂದಿತು. “ತುಳಸಿಯನ್ನು ಕಸಕ್ಕೆ ಹಾಕು ಎನ್ನುತ್ತಾಳೇನಪ್ಪ? ಇದರಿಂದ ಯಾರಿಗೆ ಕೇಡು?” ಎಂದರು. ನಮ್ಮ ಹಿಂದೆ ಜನರು ಸಾಲಾಗಿ ನಿಂತಿದ್ದರು. ನಾವು ಆಡಿನ ಕಥೆಯನ್ನು ಚುಟುಕಾಗಿ ಹೇಳಿ, “ಅಮ್ಮಾ, ಆ ಮೂರು ಆಡುಗಳನ್ನು ಬಿಟ್ಟವರೂ ಕೇಡನ್ನು ಬಯಸಿದವರಲ್ಲ” ಎಂದೆವು. ಅವರು ಕ್ಷಣಕಾಲ ಸುಮ್ಮನಿದ್ದರು. ಆಮೇಲೆ ಕದಿರನ್ನು ಕಣ್ಣಿಗೊತ್ತಿಕೊಂಡು, ತಾವೇ ಒಂದು ಶುಭ್ರವಾದ ಕಾಗದದಲ್ಲಿ ಸುತ್ತಿ, ಡಬ್ಬಿಯೊಳಗೆ ಮೆಲ್ಲನೆ ಇಟ್ಟರು. “ನಮ್ಮ ಅಂಗಳದಲ್ಲಿ ಬೆಳೆಯುವುದು ನಮ್ಮ ಅಂಗಳದಲ್ಲಿಯೇ ಬೆಳೆಯಲಿ” ಎಂದರು. ಅರಿಸಿನವೂ ಅದರ ಜೊತೆಗೆ ಹೋಯಿತು.

ಅವರಿಗೆ ಆ ನೋವನ್ನು ಮೇಜಿನ ಮುಂದೆ, ಅಪರಿಚಿತರ ಎದುರಿನಲ್ಲಿ ಕೊಟ್ಟದ್ದು ನಮ್ಮ ತಪ್ಪು. ಮನೆಯಲ್ಲಿಯೇ ವಿಷಯವನ್ನು ತಿಳಿಸಿದ್ದರೆ ದೇವರ ಮನೆಯಲ್ಲಿಯೇ ಅವನ್ನು ಇಟ್ಟು ಸಮಾಧಾನದಿಂದ ಹೊರಡುತ್ತಿದ್ದರು. ಹಿರಿಯರನ್ನು ಕರೆದುಕೊಂಡು ಹೊರಡುವವರು ನಿಯಮವನ್ನು ಮಾತ್ರ ಹೇಳದೆ ಅದರ ಕಾರಣವನ್ನೂ ಹೇಳಿರಿ. ಕಾರಣ ತಿಳಿದ ಹಿರಿಯರು ನಮಗಿಂತಲೂ ಕಟ್ಟುನಿಟ್ಟಾಗಿ ನಡೆಯುವರು.

ಅಲ್ಲಿ ನಡೆದುಕೊಳ್ಳುವ ರೀತಿ

ಉದ್ಯಾನದೊಳಗೆ ಮಾರ್ಗದರ್ಶಕನಿಲ್ಲದೆ ಹೆಚ್ಚಿನ ಸ್ಥಳಗಳಿಗೆ ಹೋಗುವಂತಿಲ್ಲ. ಗುರುತುಮಾಡಿದ ಕಾಲುದಾರಿಯನ್ನು ಬಿಡಬಾರದು. ಪ್ರಾಣಿಗಳಿಂದ ಎರಡು ಮೀಟರು, ಎಂದರೆ ಸುಮಾರು ಆರೂವರೆ ಅಡಿ, ದೂರದಲ್ಲಿರಬೇಕು. ಅವಕ್ಕೆ ತಿನ್ನಲು ಕೊಡುವುದು, ಮುಟ್ಟುವುದು, ಮಿಂಚುದೀಪದಿಂದ ಛಾಯಾಚಿತ್ರ ತೆಗೆಯುವುದು ನಿಷಿದ್ಧ. ಮಕ್ಕಳಿಗೆ ಇದು ಕಷ್ಟ. ಕಡಲ ಸಿಂಹದ ಮರಿಯೊಂದು ಮರಳಿನ ಮೇಲೆ ತೆವಳುತ್ತ ನಮ್ಮ ಮಗಳ ಕಾಲಿನ ಬಳಿಗೇ ಬಂದಾಗ, ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಹಿಂದೆ ಸರಿದಳು. ತಾಯಿಯು ಮರಿಯನ್ನು ವಾಸನೆಯಿಂದ ಗುರುತಿಸುವುದೆಂದೂ ನಮ್ಮ ವಾಸನೆ ಅದಕ್ಕೆ ತಗಲಬಾರದೆಂದೂ ಮಾರ್ಗದರ್ಶಕನು ಮೊದಲೇ ಹೇಳಿದ್ದನು.

ಹಾಗೆಯೇ ಹಿಂದಿರುಗುವಾಗ ಚಿಪ್ಪು, ಕಲ್ಲು, ಗರಿ, ಹವಳದ ಚೂರು, ಯಾವುದನ್ನೂ ತರಬಾರದು. ಮಕ್ಕಳ ಜೇಬುಗಳನ್ನು ಪ್ರತಿದಿನ ಸಂಜೆ ನೋಡುವುದು ಒಳ್ಳೆಯದು.

ಮನುಷ್ಯನು ಕೆಡಿಸಿದ್ದನ್ನು ಮನುಷ್ಯನೇ ಸರಿಪಡಿಸಬಲ್ಲನೆಂಬುದಕ್ಕೂ ಅಲ್ಲಿ ನಿದರ್ಶನವುಂಟು. ಎಸ್ಪನ್ಯೋಲಾ ದ್ವೀಪದಲ್ಲಿ ಒಂದು ಕಾಲಕ್ಕೆ ಹದಿನಾಲ್ಕೇ ಆಮೆಗಳು ಉಳಿದಿದ್ದುವು. ಹನ್ನೆರಡು ಹೆಣ್ಣು, ಎರಡು ಗಂಡು. ಅವುಗಳನ್ನೂ, ಅಮೆರಿಕದ ಸಾನ್ ಡಿಯೇಗೋ ಮೃಗಾಲಯದಿಂದ ಮರಳಿಸಿದ ‘ಡಿಯೇಗೋ’ ಎಂಬ ಇನ್ನೊಂದು ಗಂಡನ್ನೂ ಸಾಂತಾ ಕ್ರೂಸಿನಲ್ಲಿ ಸಾಕಿ, ಮರಿಗಳನ್ನು ಬೆಳೆಸಿ, ದ್ವೀಪಕ್ಕೆ ಬಿಡುತ್ತ ಬಂದರು; ಆಡುಗಳನ್ನೂ ಅಲ್ಲಿಂದ ತೆಗೆದರು. ಸಂತತಿಯು ಸಾವಿರಕ್ಕೆ ಮೀರಿತು. ೨೦೨೦ರ ಜೂನ್ ತಿಂಗಳಿನಲ್ಲಿ ಆ ಹದಿನೈದು ಮುದಿ ಆಮೆಗಳನ್ನೂ ತಮ್ಮ ಹುಟ್ಟೂರಿಗೆ ಹಿಂದಕ್ಕೆ ಕಳುಹಿಸಿದರು.

ಸಾಂತಾ ಕ್ರೂಸಿನ ಎತ್ತರದ ಹಸುರು ನೆಲದಲ್ಲಿ ಇಂತಹುದೇ ಒಂದು ಭಾರಿ ಆಮೆಯು ನಮ್ಮ ದಾರಿಗೆ ಅಡ್ಡವಾಗಿ ನಡೆಯಿತು. ಎಲ್ಲರೂ ನಿಂತೆವು. ಅದು ದಾರಿಯನ್ನು ದಾಟುವುದಕ್ಕೆ ಬಹಳ ಹೊತ್ತು ಹಿಡಿಯಿತು. ನಮ್ಮ ತಾಯಿಯವರು ಅದನ್ನೇ ನೋಡುತ್ತಿದ್ದು, “ಇದು ನಮ್ಮಜ್ಜಿಯ ಕಾಲದ್ದಿರಬೇಕು” ಎಂದು, ಹಿರಿಯರಿಗೆ ದಾರಿ ಬಿಡುವಂತೆ ಸೆರಗು ಹೊದ್ದು ಪಕ್ಕಕ್ಕೆ ಸರಿದರು. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರಬೇಕಾದ ಯಾತ್ರೆ ಇದು. ಹಾಗೆ ಹೋಗಿ ಬರಬಲ್ಲೆವೆಂಬ ಧೈರ್ಯವುಳ್ಳವರು ಅವಶ್ಯವಾಗಿ ಹೋಗಿ ಬರಲಿ; ಪೆಟ್ಟಿಗೆಗೆ ಬೀಗ ಹಾಕುವ ಮುನ್ನ ಸಂಚಿಯನ್ನೂ ಒಮ್ಮೆ ಬಿಚ್ಚಿ ನೋಡಲಿ.